ಮೇಜು ತಿರುಗಿಸಿದ್ದು ದೆವ್ವವಲ್ಲ, ಕೈ: ಓದಿದವರಿಗೇಕೆ ವಿಜ್ಞಾನ ಗೊತ್ತಿಲ್ಲ ಎಂದು ಕೇಳಿದ ಮೈಕೆಲ್ ಫ್ಯಾರಡೆಯ ಕಥೆ

ಇಂದು ಮಧ್ಯರಾತ್ರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದು ಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರವಿಟ್ಟು ಮಲಗಿ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ವರ್ಷಗಳಿಂದ ಅದು ಹೊಸ ಹೊಸ ತಾರೀಕು ಹಾಕಿಕೊಂಡು ತಿರುಗುತ್ತಲೇ ಇದೆ. ಕಳಿಸಿದವರು ಯಾರು ಎಂದು ನೋಡಿದರೆ ಓದು ಬರಹ ಬಾರದವರಲ್ಲ. ಎಂಜಿನಿಯರಿಂಗ್ ಮುಗಿಸಿದ ಅಣ್ಣ, ಬ್ಯಾಂಕಿನಿಂದ ನಿವೃತ್ತರಾದ ಚಿಕ್ಕಪ್ಪ, ಹೈಸ್ಕೂಲಿನಲ್ಲಿ ಪಾಠ ಹೇಳುವ ಅತ್ತಿಗೆ. ಎಲ್ಲರೂ ಹತ್ತನೇ ತರಗತಿಯವರೆಗೆ ವಿಜ್ಞಾನ ಓದಿದವರೇ, ಪಾಸಾದವರೇ.

ಇಷ್ಟು ಓದಿದ ಮೇಲೂ ಸರಳವಾದ ವಿಜ್ಞಾನ ದೊಡ್ಡವರಾದ ನಮ್ಮ ಕೈಗೆ ಯಾಕೆ ಸಿಗುವುದಿಲ್ಲ? ಬುದ್ಧಿ ಕಡಿಮೆಯೇ? ಶಾಲೆಗಳು ಸರಿಯಿಲ್ಲವೇ? ಅಥವಾ ಓದಿದ್ದೆಲ್ಲ ಮರೆತುಹೋಗುತ್ತದೆಯೇ?

ಇದೇ ಪ್ರಶ್ನೆ ಸುಮಾರು 170 ವರ್ಷಗಳ ಹಿಂದೆ ಲಂಡನ್ನಿನಲ್ಲಿ ಒಬ್ಬ ವ್ಯಕ್ತಿಯನ್ನು ಬಹಳ ಕಾಡಿತ್ತು. ಅವರ ಹೆಸರು ಮೈಕೆಲ್ ಫ್ಯಾರಡೆ. ನಮ್ಮ ಮನೆಗೆ ಕರೆಂಟ್ ಬರುವುದರ ಹಿಂದಿನ ತತ್ವವನ್ನು ಕಂಡುಹಿಡಿದವರು ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಓದಿದ ದೊಡ್ಡವರು ಸುಲಭವಾಗಿ ಮೋಸ ಹೋಗುವುದೇಕೆ ಎಂಬುದನ್ನೂ ಅವರು ಪ್ರಯೋಗ ಮಾಡಿ ನೋಡಿದ್ದರು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಅವರ ಬದುಕಿನ ಈ ಭಾಗವನ್ನು ಸ್ವಲ್ಪ ವಿವರವಾಗಿ ನೋಡೋಣ.

ವಾರಕ್ಕೊಂದು ಬ್ರೆಡ್

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ದಕ್ಷಿಣ ಲಂಡನ್ನಿಗೆ ಸೇರಿರುವ ನ್ಯೂವಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ. ಆರೋಗ್ಯ ಕೆಟ್ಟಿದ್ದರಿಂದ ಅವರಿಗೆ ದಿನಾ ಕೆಲಸ ಮಾಡಲು ಆಗುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. ಧಾನ್ಯದ ಬೆಲೆ ವಿಪರೀತ ಏರಿದ 1801ರಲ್ಲಿ ಪುಟ್ಟ ಮೈಕೆಲ್‌ಗೆ ಸಿಗುತ್ತಿದ್ದುದು ವಾರಕ್ಕೆ ಒಂದು ಬ್ರೆಡ್. ಏಳು ದಿನ ಅದರಲ್ಲೇ ಕಳೆಯಬೇಕು.

ಶಾಲೆ ಎಂದರೆ ಓದುವುದು, ಬರೆಯುವುದು, ಒಂದಿಷ್ಟು ಲೆಕ್ಕ, ಅಷ್ಟೆ. 13ನೇ ವಯಸ್ಸಿಗೆ, 1804ರಲ್ಲಿ, ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಯಲ್ಲಿ ಓಡಾಟದ ಕೆಲಸಕ್ಕೆ ಸೇರಿದರು. ಆಗ ಪೇಪರ್ ಕೊಂಡು ಓದುವವರು ಕಡಿಮೆ. ಒಂದೇ ಪೇಪರನ್ನು ಒಂದು ಮನೆಗೆ ಕೊಟ್ಟು, ಓದಿದ ಮೇಲೆ ಇಸಿದುಕೊಂಡು ಇನ್ನೊಂದು ಮನೆಗೆ ಕೊಡಬೇಕು. ಅದು ಹುಡುಗನ ಕೆಲಸ. ಮರುವರ್ಷ ರೀಬೋ ಅವರನ್ನು ಏಳು ವರ್ಷದ ಕರಾರಿನ ಮೇಲೆ ಬೈಂಡಿಂಗ್ ಕಲಿಯಲು ಇಟ್ಟುಕೊಂಡರು. ಕೆಲಸ ಕಲಿಯಲು ಹುಡುಗರ ಮನೆಯವರು ಹಣ ಕಟ್ಟುವ ಪದ್ಧತಿ ಆಗಿತ್ತು. ಹುಡುಗ ಪ್ರಾಮಾಣಿಕ ಎಂದು ರೀಬೋ ಆ ಹಣ ಬಿಟ್ಟುಕೊಟ್ಟರು.

ಫಾರ್ವರ್ಡ್‌ಗಳಲ್ಲಿ ಫ್ಯಾರಡೆ ಕಥೆ ಸಾಮಾನ್ಯವಾಗಿ ಇಲ್ಲಿಂದ ಒಂದೇ ಹಾರಿಕೆಗೆ ಮುಗಿಯುತ್ತದೆ: ಶಾಲೆಗೆ ಹೋಗದವನೂ ದೊಡ್ಡ ವಿಜ್ಞಾನಿಯಾದ, ಡಿಗ್ರಿ ಯಾಕೆ ಬೇಕು ಎಂದು. ಫ್ಯಾರಡೆ ಹಾಗೆ ಯೋಚಿಸಿದವರಲ್ಲ. ಶಾಲೆಯಲ್ಲಿ ಸಿಗದ್ದನ್ನು ಅವರು ವರ್ಷಗಟ್ಟಲೆ ಹುಡುಕಿ ಹುಡುಕಿ ಕಲಿತರು. ಹೇಗೆ ಕಲಿತರು ಎಂಬುದು ಈ ಕಥೆಗೆ ಮುಖ್ಯ.

ಪುಸ್ತಕ ಹೇಳಿದ್ದನ್ನೂ ಮಾಡಿ ನೋಡಿದ ಹುಡುಗ

ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನು ಹುಡುಗ ಹೊಲಿಯುವ ಮೊದಲು ಓದುತ್ತಿದ್ದ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟವೊಂದರಲ್ಲಿ ವಿದ್ಯುತ್ತಿನ ಬಗ್ಗೆ ದೀರ್ಘ ಲೇಖನ ಸಿಕ್ಕಿತು. ಇನ್ನೊಂದು ಪುಸ್ತಕ ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದದ್ದು. ಒಬ್ಬ ಟೀಚರ್ ಮತ್ತು ಇಬ್ಬರು ಹುಡುಗಿಯರು ಮಾತಾಡಿಕೊಳ್ಳುವ ರೀತಿಯಲ್ಲಿ ಕೆಮಿಸ್ಟ್ರಿಯನ್ನು ತಿಳಿಸುವ ಪುಸ್ತಕ ಅದು. ವಿಜ್ಞಾನದ ಕ್ಲಾಸಿಗೆ ಹೋಗಲಾಗದವರಿಗಾಗಿಯೇ ಬರೆದಿದ್ದು.

ಮುಂದೆ ಮುಪ್ಪಿನಲ್ಲಿ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಫ್ಯಾರಡೆ ತಮ್ಮ ಬಾಲ್ಯದ ಸ್ವಭಾವ ಹೇಳಿಕೊಂಡಿದ್ದಾರೆ. ತಾನು ತುಂಬಾ ಕಲ್ಪನೆಯ ಹುಡುಗನಾಗಿದ್ದೆ, ಅರೇಬಿಯನ್ ನೈಟ್ಸ್ ಕಥೆಗಳನ್ನೂ ವಿಶ್ವಕೋಶವನ್ನೂ ಒಂದೇ ಸಮನೆ ನಂಬುತ್ತಿದ್ದೆ ಎಂದು. ಅಂದರೆ ಫ್ಯಾರಡೆ ಹುಟ್ಟಿನಿಂದ ಅನುಮಾನದ ಪಿಶಾಚಿಯೇನಲ್ಲ. ಬಂದದ್ದನ್ನೆಲ್ಲ ನಂಬುವ ನಮ್ಮ ನಿಮ್ಮಂಥ ಮನಸ್ಸೇ. ಅವರನ್ನು ಉಳಿಸಿದ್ದು ಒಂದು ಅಭ್ಯಾಸ. ಮಾರ್ಸೆಟ್ ಪುಸ್ತಕದಲ್ಲಿ ಇದ್ದದ್ದನ್ನು ಕೈಲಾದ ಮಟ್ಟಿಗೆ ಮಾಡಿ ನೋಡುವುದು. ಮಾಡಿ ನೋಡಿದಾಗ ಪುಸ್ತಕ ಹೇಳಿದಂತೆಯೇ ಆಯಿತು. ಆಗ ಅದರ ಮೇಲೆ ನಂಬಿಕೆ ಬಂತು. ಮೊದಲು ನಂಬಿ ಆಮೇಲೆ ಓದಿದ್ದಲ್ಲ.

ಪ್ರಯೋಗಕ್ಕೆ ಹಣ ಎಲ್ಲಿತ್ತು? ಸಿಕ್ಕ ಪುಡಿಗಾಸಿನಲ್ಲಿ ಬಾಟಲಿ, ಮರದ ತುಂಡು ತಂದು ಸ್ಥಿರವಿದ್ಯುತ್ತಿನ ಒಂದು ಯಂತ್ರ ಕಟ್ಟಿಕೊಂಡರು. 1812ರಲ್ಲಿ ಏಳು ತಾಮ್ರದ ನಾಣ್ಯ, ಅಷ್ಟೇ ಸತುವಿನ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದ ಇಟ್ಟು ಬ್ಯಾಟರಿ ಮಾಡಿದರು. ಐಸಾಕ್ ವಾಟ್ಸ್ ಎಂಬವರ ಪುಸ್ತಕವೊಂದರಿಂದ ಇನ್ನೂ ಕೆಲವು ಅಭ್ಯಾಸ ಕಲಿತರು: ಓದಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು, ಗೆಳೆಯನಿಗೆ ಪತ್ರ ಬರೆದು ವಿಷಯ ಚರ್ಚಿಸುವುದು, ಪದಗಳನ್ನು ಸಡಿಲವಾಗಿ ಬಳಸದಿರುವುದು. 1810ರಿಂದ ಜಾನ್ ಟೇಟಮ್ ಎಂಬವರ ಮನೆಯಲ್ಲಿ ನಡೆಯುತ್ತಿದ್ದ ಉಪನ್ಯಾಸಗಳಿಗೆ ಹೋಗತೊಡಗಿದರು. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್. ಆ ದುಡ್ಡು ಕೊಟ್ಟಿದ್ದು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್.

ನಾಲ್ಕು ಉಪನ್ಯಾಸ, ಒಂದು ಕೈಬರಹದ ಪುಸ್ತಕ

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಫ್ಯಾರಡೆಗೆ ರಾಯಲ್ ಇನ್‌ಸ್ಟಿಟ್ಯೂಷನ್‌ನ ಟಿಕೆಟ್ ಕೊಟ್ಟರು. ಅಲ್ಲಿ ಆ ಕಾಲದ ಪ್ರಸಿದ್ಧ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಮಾತಾಡುತ್ತಿದ್ದರು. ಫ್ಯಾರಡೆ ನಾಲ್ಕು ಉಪನ್ಯಾಸ ಕೇಳಿ, ಪ್ರತಿಯೊಂದನ್ನೂ ಚಿತ್ರ ಸಮೇತ ಬರೆದು, ತಾವೇ ಬೈಂಡ್ ಮಾಡಿ ಮುನ್ನೂರಕ್ಕೂ ಹೆಚ್ಚು ಪುಟದ ಪುಸ್ತಕ ಮಾಡಿದರು. ಆ ವರ್ಷದ ಕೊನೆಗೆ ಅದನ್ನು ಡೇವಿಗೇ ಕಳಿಸಿ ಕೆಲಸ ಕೇಳಿದರು. ಅದಕ್ಕೂ ಮುಂಚೆ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಬರೆದ ಪತ್ರಕ್ಕೆ ಉತ್ತರವೇ ಬಂದಿರಲಿಲ್ಲ. ಡೇವಿ ಉತ್ತರ ಬರೆದರು.

ಕೆಲವೇ ವಾರಗಳಲ್ಲಿ ಲ್ಯಾಬಿನ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ 21 ವರ್ಷದ ಫ್ಯಾರಡೆ ನೇಮಕವಾದರು. ವಾರಕ್ಕೆ 25 ಶಿಲ್ಲಿಂಗ್ ಸಂಬಳ, ಕಟ್ಟಡದ ಮೇಲ್ಗಡೆ ಎರಡು ಕೋಣೆ, ಉರುವಲು ಮತ್ತು ಮೇಣದಬತ್ತಿ. ಅದೇ ವರ್ಷ ಡೇವಿ ದಂಪತಿಯ ಜೊತೆ ಯುರೋಪ್ ಪ್ರವಾಸಕ್ಕೆ ಹೋದರು. ಡೇವಿಯ ಹೆಂಡತಿ ಅವರನ್ನು ಆಳಿನಂತೆ ನಡೆಸಿಕೊಂಡರು. ಆದರೂ ಆಂಪಿಯರ್, ವೋಲ್ಟಾ ಅವರಂಥವರನ್ನು ಕಣ್ಣಾರೆ ಕಂಡು ಬಂದರು.

ನಮ್ಮ ಮನೆಯ ಸ್ವಿಚ್ಚಿನವರೆಗೆ ಬಂದ ಪ್ರಯೋಗ

1831ರ ಆಗಸ್ಟ್ 29ರಂದು ಫ್ಯಾರಡೆ ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದಕ್ಕೆ ಕರೆಂಟ್ ಹರಿದರೆ ಅಲುಗುವ ಮುಳ್ಳು. ಎರಡು ತಂತಿಗೂ ಸಂಪರ್ಕವಿಲ್ಲ. ಆದರೂ ಬ್ಯಾಟರಿ ಜೋಡಿಸಿದ ಕ್ಷಣ, ತೆಗೆದ ಕ್ಷಣ ಮುಳ್ಳು ಅಲುಗಿತು. ಮುಂದಿನ ಎರಡು ತಿಂಗಳಲ್ಲಿ ಅಯಸ್ಕಾಂತವನ್ನು ಸುರುಳಿಯ ಒಳಗೆ ಹೊರಗೆ ಆಡಿಸಿಯೂ, ಅಯಸ್ಕಾಂತದ ನಡುವೆ ತಾಮ್ರದ ತಟ್ಟೆ ತಿರುಗಿಸಿಯೂ ವಿದ್ಯುತ್ ಪಡೆದರು. ಇವತ್ತಿನ ಜನರೇಟರ್, ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಮೂಲ ಇದು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರು ಟರ್ಬೈನ್ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಇದೇ ತತ್ವದಿಂದ.

ಇಲ್ಲೊಂದು ಫಾರ್ವರ್ಡ್ ಕಥೆಯನ್ನೂ ನೋಡಿಬಿಡೋಣ. ಮಂತ್ರಿಯೊಬ್ಬರು ಈ ವಿದ್ಯುತ್ತಿನಿಂದ ಏನು ಉಪಯೋಗ ಎಂದು ಕೇಳಿದಾಗ, ಮುಂದೊಂದು ದಿನ ಇದಕ್ಕೆ ತೆರಿಗೆ ಹಾಕಬಹುದು ಎಂದು ಫ್ಯಾರಡೆ ತಿರುಗೇಟು ಕೊಟ್ಟರಂತೆ. ಕಥೆ ಚೆನ್ನಾಗಿದೆ. ಆದರೆ ಅದು ಅಚ್ಚಾಗಿ ಕಾಣಿಸಿಕೊಂಡದ್ದು ಫ್ಯಾರಡೆ ತೀರಿಕೊಂಡು ದಶಕಗಳಾದ ಮೇಲೆ. ಅವರ ಕಾಲದ ಪತ್ರಗಳಲ್ಲಾಗಲಿ ಡೈರಿಯಲ್ಲಾಗಲಿ ಇದಕ್ಕೆ ಆಧಾರ ಸಿಕ್ಕಿಲ್ಲ. ಕೆಲವರು ಮಂತ್ರಿ ಗ್ಲ್ಯಾಡ್‌ಸ್ಟನ್ ಎನ್ನುತ್ತಾರೆ, ಇನ್ನು ಕೆಲವರು ರಾಬರ್ಟ್ ಪೀಲ್ ಎನ್ನುತ್ತಾರೆ. ಒಂದೇ ಮಾತಿಗೆ ಇಬ್ಬರು ಮಂತ್ರಿಗಳಿದ್ದರೆ ಅನುಮಾನ ಪಡುವುದು ಒಳ್ಳೆಯದು.

1853: ಲಂಡನ್ನಿನ ಮೇಜುಗಳು ತಿರುಗತೊಡಗಿದವು

1850ರ ಹೊತ್ತಿಗೆ ಫ್ಯಾರಡೆ ಬ್ರಿಟನ್ನಿನ ಅತ್ಯಂತ ಹೆಸರಾಂತ ವಿಜ್ಞಾನಿಗಳಲ್ಲೊಬ್ಬರು. ಆಗಲೇ ಅಮೆರಿಕದಿಂದ ಒಂದು ಹೊಸ ಗೀಳು ಬಂತು. ಸಂಜೆ ಹೊತ್ತು ನಾಲ್ಕಾರು ಜನ ಮೇಜಿನ ಸುತ್ತ ಕೂತು ಅಂಗೈಗಳನ್ನು ಅದರ ಮೇಲೆ ಇಡುವುದು. ಸ್ವಲ್ಪ ಹೊತ್ತಿಗೆ ಮೇಜು ಅಲುಗುತ್ತದೆ, ತಿರುಗುತ್ತದೆ, ಕೋಣೆಯಲ್ಲೆಲ್ಲ ಓಡಾಡುತ್ತದೆ. ಸತ್ತವರ ಆತ್ಮ ಎಂದರು ಕೆಲವರು. ಸೈತಾನ ಎಂದರು ಪಾದ್ರಿಗಳು ಕೆಲವರು. ಸ್ವಲ್ಪ ಓದಿದವರು ಅದಕ್ಕೆ ವಿಜ್ಞಾನದ ಬಣ್ಣ ಬಳಿದರು: ವಿದ್ಯುತ್ತು, ಅಯಸ್ಕಾಂತ ಶಕ್ತಿ, ಇನ್ನೂ ಗೊತ್ತಾಗದ ಯಾವುದೋ ಬಲ. ವಿದ್ಯುತ್ತು ಎಂದ ಮೇಲೆ ಕೇಳುವುದು ಯಾರನ್ನು? ಫ್ಯಾರಡೆಗೆ ಪತ್ರಗಳ ಮೇಲೆ ಪತ್ರ ಬಂದವು.

ಇದೆಲ್ಲ ಸುಳ್ಳು ಎಂದು ಬಾಯಲ್ಲಿ ಹೇಳಿ ಅವರು ಕೈತೊಳೆದುಕೊಳ್ಳಲಿಲ್ಲ. ಮೇಜು ತಿರುಗಿಸುವುದರಲ್ಲಿ ಪಳಗಿದ, ಪ್ರಾಮಾಣಿಕರೆಂದು ತಮಗೆ ಖಾತ್ರಿಯಿದ್ದ ಜನರನ್ನೇ ಕರೆಸಿದರು. ಹಂತ ಹಂತವಾಗಿ ನೋಡಿದರು.

ಮೊದಲು ಗಾಜು, ಮರ, ರಟ್ಟು, ಅಂಟು, ಉಪ್ಪುಕಾಗದ ಮುಂತಾದ ವಸ್ತುಗಳನ್ನು ಕಂತೆ ಕಟ್ಟಿ ಕೈಗೂ ಮೇಜಿಗೂ ನಡುವೆ ಇಟ್ಟರು. ಈ ವಸ್ತುಗಳು ಆ ಶಕ್ತಿಯನ್ನು ತಡೆಯುತ್ತವೆಯೇ ಎಂದು ನೋಡಲು. ತಡೆಯಲಿಲ್ಲ, ಮೇಜು ತಿರುಗಿತು. ಒಳ್ಳೆಯದೇ ಆಯಿತು, ಇನ್ನು ಇವೇ ವಸ್ತುಗಳಿಂದ ಪರೀಕ್ಷೆ ಮಾಡಬಹುದು. ವಿದ್ಯುತ್ತಿನ ಅಥವಾ ಅಯಸ್ಕಾಂತದ ಯಾವ ಸುಳಿವೂ ಸಿಗಲಿಲ್ಲ.

ನಂತರ ನಾಲ್ಕೈದು ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಮೆತ್ತಗಿನ ಅಂಟಿನ ಉಂಡೆಗಳನ್ನು ಹಾಕಿ, ಹಾಳೆಗಳ ಅಂಚಿಗೆ ಪೆನ್ಸಿಲ್ ಗೆರೆ ಎಳೆದರು. ಯಾವ ಹಾಳೆ ಎಷ್ಟು ಜರುಗಿತು ಎಂಬುದನ್ನು ಆ ಗೆರೆಯೇ ಹೇಳುತ್ತದೆ. ಲೆಕ್ಕ ಸರಳ. ಮೇಜೇ ತಾನಾಗಿ ತಿರುಗಿದರೆ ಕೆಳಗಿನ ಹಾಳೆ ಮುಂದೆ ಹೋಗಿರಬೇಕು, ಮೇಲಿನದು ಹಿಂದೆ ಉಳಿದಿರಬೇಕು. ಕೈ ತಳ್ಳಿದರೆ ಮೇಲಿನ ಹಾಳೆ ಮುಂದೆ ಹೋಗಿರಬೇಕು. ಮೇಜು ತಿರುಗಿದ ಮೇಲೆ ತೆಗೆದು ನೋಡಿದರೆ ಮೇಲಿನ ಹಾಳೆಯೇ ಮುಂದೆ. ಮೇಜು ಕೈಯ ಹಿಂದೆ ಎಳೆದುಕೊಂಡು ಬಂದಿತ್ತು. ಕೆಲವು ಸಲ ಮೇಜು ಅಲುಗದೇ ಇದ್ದಾಗಲೂ ಮೇಲಿನ ಹಾಳೆ ಜರುಗಿತ್ತು.

ಕೊನೆಯದು ಇನ್ನೂ ಚೆಂದ. ಎರಡು ತೆಳು ಹಲಗೆ, ನಡುವೆ ಉರುಳುವ ಗಾಜಿನ ಕಡ್ಡಿಗಳು, ಸುತ್ತ ರಬ್ಬರ್ ಪಟ್ಟಿ, ಅದಕ್ಕೆ ಸಿಕ್ಕಿಸಿದ ಉದ್ದನೆಯ ಹುಲ್ಲುಕಡ್ಡಿ. ಮೇಲಿನ ಹಲಗೆ ಒಂದಿಷ್ಟು ಸರಿದರೂ ಹುಲ್ಲುಕಡ್ಡಿ ಒಂದು ಕಡೆಗೆ ವಾಲುತ್ತದೆ. ಹುಲ್ಲುಕಡ್ಡಿ ಕಾಣದಂತೆ ಮರೆ ಮಾಡಿದಾಗ ಅದು ವಾಲಿತು, ಅಂದರೆ ಕೈಗಳು ತಳ್ಳುತ್ತಿದ್ದವು. ಕೂತವರ ಕಣ್ಣಿಗೆ ಕಾಣುವಂತೆ ಇಟ್ಟ ತಕ್ಷಣ ಎಲ್ಲ ನಿಂತುಹೋಯಿತು. ಕಡ್ಡಿಯೂ ವಾಲಲಿಲ್ಲ, ಮೇಜೂ ತಿರುಗಲಿಲ್ಲ. ತಾನು ತಳ್ಳುತ್ತಿದ್ದೇನೆ ಎಂದು ಕಣ್ಣಿಗೆ ಕಂಡಾಗ ಕೈ ತಾನಾಗಿ ಹತೋಟಿಗೆ ಬಂತು.

ಆ ಜನ ಮೋಸ ಮಾಡುತ್ತಿರಲಿಲ್ಲ. ತಳ್ಳುತ್ತಿಲ್ಲ ಎಂದೇ ಮನಸಾರೆ ನಂಬಿದ್ದರು. ಮನಸ್ಸು ಏನನ್ನು ನಿರೀಕ್ಷಿಸುತ್ತದೋ ಅದರಂತೆ ಸ್ನಾಯುಗಳು ನಮಗೇ ಗೊತ್ತಾಗದ ಹಾಗೆ ಕೆಲಸ ಮಾಡುತ್ತವೆ. ಇದಕ್ಕೆ ಹಿಂದಿನ ವರ್ಷವಷ್ಟೇ, 1852ರಲ್ಲಿ, ವಿಲಿಯಂ ಕಾರ್ಪೆಂಟರ್ ಎಂಬ ವೈದ್ಯ ವಿಜ್ಞಾನಿ ಐಡಿಯೋಮೋಟರ್ ಕ್ರಿಯೆ ಎಂದು ಹೆಸರಿಟ್ಟಿದ್ದರು. ಫ್ಯಾರಡೆ 1853ರ ಜೂನ್ 30ರ ಟೈಮ್ಸ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಯಾರು ಬೇಕಾದರೂ ಬಂದು ನೋಡಲಿ ಎಂದು ಆ ಉಪಕರಣವನ್ನು ಅಂಗಡಿಯೊಂದರಲ್ಲಿ ಇಡಿಸಿದರು.

ಗೊತ್ತಿಲ್ಲ ಎಂಬುದೇ ಗೊತ್ತಿಲ್ಲ

ಇಷ್ಟಾದ ಮೇಲೆ ಜನ ಒಪ್ಪಿಕೊಂಡರೇ? ಇಲ್ಲ. ನಮ್ಮ ಮನೆಯ ಮೇಜು ಹಾಗಲ್ಲ, ನಾವು ತಳ್ಳಲಿಲ್ಲ ಎಂದು ಮತ್ತೆ ಪತ್ರಗಳು ಬಂದವು. ಬರೆದವರು ಬೀದಿಯ ಕೂಲಿಕಾರರಲ್ಲ. ಗ್ರೀಕ್, ಲ್ಯಾಟಿನ್ ಓದಿ ಒಳ್ಳೆಯ ಹುದ್ದೆಗಳಲ್ಲಿದ್ದ ಗಂಡಸರು, ಹೆಂಗಸರು. ಫ್ಯಾರಡೆಗೆ ನೋವಾಗಿದ್ದು ಇದು. ಜನಕ್ಕೆ ಗುರುತ್ವಾಕರ್ಷಣೆಯ ಸೂತ್ರ ಬಾರದಿದ್ದರೆ ಪರವಾಗಿಲ್ಲ, ಅದನ್ನು ಯಾವಾಗ ಬೇಕಾದರೂ ಕಲಿಯಬಹುದು. ತನಗೆ ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದವರು ಕಲಿಯುವುದು ಹೇಗೆ?

1854ರ ಮೇ 6ರಂದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಮನಸ್ಸಿನ ಶಿಕ್ಷಣದ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟರು. ರಾಣಿ ವಿಕ್ಟೋರಿಯಾ ಅವರ ಪತಿ ಪ್ರಿನ್ಸ್ ಆಲ್ಬರ್ಟ್ ಕೂಡ ಕೇಳಲು ಬಂದಿದ್ದರು. ಅವರು ಹೇಳಿದ್ದರ ಸಾರ ಹೀಗಿದೆ. ನಮ್ಮ ದೊಡ್ಡ ಕೊರತೆ ಮಾಹಿತಿಯದಲ್ಲ, ತೀರ್ಮಾನ ಮಾಡುವ ಶಕ್ತಿಯದು. ನಮ್ಮ ಇಂದ್ರಿಯಗಳು ನಮ್ಮನ್ನು ಮೋಸಗೊಳಿಸುತ್ತವೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಆಸೆ ನಮ್ಮನ್ನು ಮೋಸಗೊಳಿಸುತ್ತದೆ. ನಮಗೆ ಬೇಕಾದ ಕಡೆಗೆ ಸಾಕ್ಷಿ ಸಿಕ್ಕರೆ ಬೇಗ ಒಪ್ಪುತ್ತೇವೆ, ಬೇಡದ ಕಡೆಗೆ ಸಿಕ್ಕರೆ ತಪ್ಪು ಹುಡುಕುತ್ತೇವೆ. ಸಾಕಷ್ಟು ಸಾಕ್ಷಿ ಇಲ್ಲದಿದ್ದಾಗ ತೀರ್ಮಾನವನ್ನು ಮುಂದಕ್ಕೆ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಇದನ್ನು ಬೇರೆಯವರು ಕಲಿಸಲಾರರು, ಪ್ರತಿಯೊಬ್ಬರೂ ತಮ್ಮ ಮೇಲೆ ತಾವೇ ಮಾಡಿಕೊಳ್ಳಬೇಕಾದ ಕೆಲಸ.

ಒಂದು ಮಾತು ಇಲ್ಲಿ ಹೇಳಬೇಕು. ಫ್ಯಾರಡೆ ನಾಸ್ತಿಕರಲ್ಲ. ಸ್ಯಾಂಡಿಮೇನಿಯನ್ ಎಂಬ ಚಿಕ್ಕ ಕ್ರೈಸ್ತ ಪಂಗಡದ ಶ್ರದ್ಧಾವಂತ ಸದಸ್ಯರು. ತಮ್ಮ ದೇವರ ಮೇಲಿನ ನಂಬಿಕೆಯನ್ನು ಈ ಚರ್ಚೆಯಿಂದ ಬೇರೆ ಇಡುವುದಾಗಿ ಅವರು ಆ ಉಪನ್ಯಾಸದಲ್ಲೇ ತಿಳಿಸಿದ್ದರು. ಅವರ ಪ್ರಶ್ನೆ ಇದ್ದದ್ದು ಪರೀಕ್ಷಿಸಿ ನೋಡಬಹುದಾದ ಸಂಗತಿಗಳ ಬಗ್ಗೆ. ಮೇಜು ತಿರುಗುವುದು ಅಂಥ ಸಂಗತಿ. ನದಿಯ ನೀರು ಕೊಳೆಯಾಗಿದೆಯೇ ಎಂಬುದೂ ಅಂಥದ್ದೇ. 1855ರಲ್ಲಿ ಥೇಮ್ಸ್ ನದಿಯಲ್ಲಿ ದೋಣಿಯಲ್ಲಿ ಹೋಗುವಾಗ ಅವರು ಬಿಳಿ ಕಾರ್ಡಿನ ಚೂರುಗಳನ್ನು ಒದ್ದೆ ಮಾಡಿ ನೀರಿಗೆ ಹಾಕಿದರು. ಬಿಸಿಲಿನ ದಿನವಾದರೂ ಒಂದಂಗುಲ ಮುಳುಗುವುದರೊಳಗೆ ಚೂರುಗಳು ಕಾಣದಾದವು. ಅದನ್ನು ಪತ್ರಿಕೆಗೆ ಬರೆದರು. ಮೂರು ವರ್ಷದ ನಂತರ ಆ ನದಿಯ ದುರ್ನಾತ ತಡೆಯಲಾರದೆ ಪಾರ್ಲಿಮೆಂಟೇ ತತ್ತರಿಸಿತು, ಆಮೇಲೆ ಲಂಡನ್ನಿಗೆ ಹೊಸ ಒಳಚರಂಡಿ ಬಂತು.

ಮಕ್ಕಳಿಗೆ ಅರ್ಥವಾಗುತ್ತದೆ, ದೊಡ್ಡವರಿಗೆ ಯಾಕಿಲ್ಲ?

1862ರಲ್ಲಿ ಸರ್ಕಾರದ ಒಂದು ಆಯೋಗ ಫ್ಯಾರಡೆಯನ್ನು ಕರೆಸಿತು. ಈಟನ್, ಹ್ಯಾರೋ ಮುಂತಾದ ಒಂಬತ್ತು ಹೆಸರಾಂತ ಶಾಲೆಗಳಲ್ಲಿ ಏನು ಕಲಿಸಬೇಕು ಎಂಬುದು ವಿಚಾರಣೆಯ ವಿಷಯ. ದೇಶ ಆಳುವವರು ಬರುತ್ತಿದ್ದುದು ಈ ಶಾಲೆಗಳಿಂದಲೇ. ಅಲ್ಲಿ ಕಲಿಸುತ್ತಿದ್ದುದು ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್. ರೈಲು, ಟೆಲಿಗ್ರಾಫ್ ಬಂದಿದ್ದರೂ ವಿಜ್ಞಾನಕ್ಕೆ ಪಾಠಪಟ್ಟಿಯಲ್ಲಿ ಜಾಗ ತೀರಾ ಕಡಿಮೆ.

ಫ್ಯಾರಡೆ ತಮ್ಮ ಅನುಭವ ಹೇಳಿದರು. ಒಳ್ಳೆಯ ಶಿಕ್ಷಣ ಪಡೆದವರು ಇಂದಿಗೂ ತಮ್ಮಲ್ಲಿಗೆ ಬಂದು ಮೇಜು ತಿರುಗುವುದು, ಮೆಸ್ಮರಿಸಂ, ಗಾಳಿಯಲ್ಲಿ ತೇಲುವುದು ಇವುಗಳ ಬಗ್ಗೆ ಕೇಳುತ್ತಾರೆ. ಕೇಳಿ, ಅದೇ ವಿಷಯದಲ್ಲಿ ಬದುಕು ಸವೆಸಿದ ತಮಗೇ ನಿಮ್ಮದು ತಪ್ಪು ಎಂದು ವಾದಿಸುತ್ತಾರೆ. ಅಷ್ಟು ವರ್ಷದ ಶಿಕ್ಷಣ ಮುಗಿದರೂ ತಮ್ಮ ಅಜ್ಞಾನದ ಅರಿವು ಅವರಿಗಿಲ್ಲ. ಅದೇ ಮಕ್ಕಳನ್ನು ನೋಡಿದರೆ, ವಿವರಿಸಿದ್ದನ್ನು ತಿಳಿದುಕೊಳ್ಳಲಾರದಷ್ಟು ಚಿಕ್ಕ ಮಗುವನ್ನು ತಾನು ಕಂಡಿಲ್ಲ, ಉಪನ್ಯಾಸ ಮುಗಿದ ಮೇಲೆ ಅವರು ಬಂದು ಕೇಳುವ ಪ್ರಶ್ನೆಗಳೇ ಅದಕ್ಕೆ ಸಾಕ್ಷಿ ಎಂದರು.

ಇದು ಬಾಯಿಮಾತಾಗಿರಲಿಲ್ಲ. 1827ರಿಂದ 1860ರವರೆಗೆ ಅವರು ಕ್ರಿಸ್‌ಮಸ್ ರಜೆಯಲ್ಲಿ 19 ಸಲ ಮಕ್ಕಳಿಗಾಗಿ ಉಪನ್ಯಾಸ ಮಾಲೆ ನಡೆಸಿದ್ದರು. ಅದರಲ್ಲಿ ಪ್ರಸಿದ್ಧವಾದದ್ದು ಮೇಣದಬತ್ತಿಯ ಬಗ್ಗೆ. ಆರು ಉಪನ್ಯಾಸಗಳು, ಒಂದೇ ಮೇಣದಬತ್ತಿ. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ ಎಂದು ತೋರಿಸಿದರು. ಉರಿಯ ಮೇಲೆ ತಣ್ಣಗಿನ ಪಾತ್ರೆ ಹಿಡಿದು, ಬೆಂಕಿಯಿಂದಲೂ ನೀರು ಹುಟ್ಟುತ್ತದೆ ಎಂದು ತೋರಿಸಿದರು. ಕೊನೆಗೆ ಮೇಣದಬತ್ತಿ ಉರಿಯುವುದಕ್ಕೂ ನಾವು ಉಸಿರಾಡುವುದಕ್ಕೂ ಇರುವ ನಂಟಿಗೆ ಬಂದರು. ಪ್ರತಿ ಹಂತದಲ್ಲೂ ಮಕ್ಕಳ ಕಣ್ಣೆದುರೇ ಪ್ರಯೋಗ.

ಆಯೋಗದ ವರದಿ 1864ರಲ್ಲಿ ಬಂತು. ವಿಜ್ಞಾನವನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಲಿಸಬೇಕೆಂದು ಅದು ಶಿಫಾರಸು ಮಾಡಿತು.

ವಿಜ್ಞಾನ ಬಲ್ಲವರೂ ಜಾರಿದರು

ವಿಜ್ಞಾನವನ್ನು ಪಾಠಪಟ್ಟಿಗೆ ಸೇರಿಸಿದರೆ ಸಮಸ್ಯೆ ಮುಗಿಯಿತೇ? ಇಲ್ಲ ಎನ್ನುವುದಕ್ಕೆ ಫ್ಯಾರಡೆಯ ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ಮೇಣದಬತ್ತಿಯ ಉಪನ್ಯಾಸಗಳನ್ನು 1861ರಲ್ಲಿ ಪುಸ್ತಕವಾಗಿ ಸಂಪಾದಿಸಿದವರು ವಿಲಿಯಂ ಕ್ರೂಕ್ಸ್. ಅದೇ ವರ್ಷ ಥಾಲಿಯಂ ಎಂಬ ಹೊಸ ಧಾತುವನ್ನು ಕಂಡುಹಿಡಿದ ದೊಡ್ಡ ರಸಾಯನ ವಿಜ್ಞಾನಿ. 1870ರ ದಶಕದಲ್ಲಿ ಇದೇ ಕ್ರೂಕ್ಸ್, ಸತ್ತವರ ಆತ್ಮ ಕರೆಸುತ್ತೇವೆ ಎನ್ನುತ್ತಿದ್ದ ಮಾಧ್ಯಮಗಳನ್ನು ಪರೀಕ್ಷಿಸಲು ಹೋಗಿ ಅವರನ್ನು ನಂಬಿಬಿಟ್ಟರು.

ಕ್ರೂಕ್ಸ್‌ಗೆ ಕೆಮಿಸ್ಟ್ರಿ ಗೊತ್ತಿರಲಿಲ್ಲವೇ? ಬೇಕಾದಷ್ಟು ಗೊತ್ತಿತ್ತು. ಲ್ಯಾಬಿನಲ್ಲಿ ಲೋಹ ಸುಳ್ಳು ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ, ನಮ್ಮ ಆಸೆಯೂ ಹೇಳುತ್ತದೆ. ಅದಕ್ಕೆ ಬೇರೆ ಎಚ್ಚರ ಬೇಕು. ವೃತ್ತಿಯಲ್ಲಿ ಜಾಣರಾದ ಎಂಜಿನಿಯರು, ಡಾಕ್ಟರು ಮನೆಗೆ ಬಂದ ಮೇಲೆ ಸುಳ್ಳು ಫಾರ್ವರ್ಡ್ ಕಳಿಸುವುದು ಇದೇ ಕಾರಣಕ್ಕೆ. ಪರೀಕ್ಷೆಗೆ ಬೇಕಾದ ಉತ್ತರ ಅವರ ಬಳಿ ಇದೆ, ಪರೀಕ್ಷಿಸುವ ಅಭ್ಯಾಸ ಲ್ಯಾಬಿನ ಅಥವಾ ಕ್ಲಿನಿಕ್ಕಿನ ಬಾಗಿಲಲ್ಲೇ ಉಳಿದುಬಿಡುತ್ತದೆ.

ಹುಲ್ಲುಕಡ್ಡಿಯ ಪಾಠ ಇವತ್ತಿಗೆ

ಮೇಜು ತಿರುಗಿಸುವ ಗೀಳು ಹೋಯಿತು, ಐಡಿಯೋಮೋಟರ್ ಕ್ರಿಯೆ ಹೋಗಿಲ್ಲ. ನಮ್ಮಲ್ಲಿ ಬೋರ್‌ವೆಲ್ ಕೊರೆಸುವ ಮುನ್ನ ನೀರು ನೋಡುವವರನ್ನು ಕರೆಸುತ್ತೇವೆ. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಲ್ಲುತ್ತದೆ, ಕೈಯಲ್ಲಿ ಹಿಡಿದ ಕವಲುಕಡ್ಡಿ ತಿರುಗುತ್ತದೆ. ನೋಡುವವರು ಬೇಕೆಂದು ಮೋಸ ಮಾಡುತ್ತಿದ್ದಾರೆ ಎಂದಲ್ಲ, ಬಹಳ ಜನ ಪ್ರಾಮಾಣಿಕರೇ. ಕಡ್ಡಿಯನ್ನು, ಕಾಯನ್ನು ಆಡಿಸುವುದು ಅವರಿಗೇ ಗೊತ್ತಾಗದ ಸಣ್ಣ ಸ್ನಾಯು ಚಲನೆ. 1990ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ಇಂಥವರನ್ನೇ ಕರೆದು, ನೆಲದಡಿ ಹೂತಿದ್ದ ಪೈಪಿನಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ಹೇಳಿಸಿದರು. ನಾಣ್ಯ ಚಿಮ್ಮಿ ಹೇಳಿದರೆ ಎಷ್ಟು ಸರಿಯಾಗುತ್ತದೋ ಅಷ್ಟೇ ಸರಿಯಾಯಿತು. ಆದರೆ ಇಲ್ಲಿ ರೈತ ಸಾಲ ಮಾಡಿ ಕೊರೆಸುತ್ತಾನೆ. ನೀರು ಬಿದ್ದ ಬೋರ್‌ವೆಲ್ ಊರಿಗೆಲ್ಲ ನೆನಪಿರುತ್ತದೆ, ಬತ್ತಿದ್ದು ಸಾಲಗಾರನಿಗೆ ಮಾತ್ರ.

ಫ್ಯಾರಡೆ ಇದ್ದಿದ್ದರೆ ಏನು ಮಾಡುತ್ತಿದ್ದರು? ನೀವೇ ಮಾಡಬಹುದಾದಷ್ಟು ಸುಲಭದ ಕೆಲಸ. ಅವರು ತೋರಿಸಿದ ಪಾಯಿಂಟನ್ನು ಮರೆಯಾಗಿ ಗುರುತು ಮಾಡಿ. ಆಮೇಲೆ ಅದೇ ವ್ಯಕ್ತಿಗೆ ಕಣ್ಣು ಕಟ್ಟಿ, ಜೊತೆಗೊಬ್ಬರು ಕೈ ಹಿಡಿದು, ಬೇರೆ ದಾರಿಯಿಂದ ಅದೇ ಹೊಲಕ್ಕೆ ಕರೆತನ್ನಿ. ಐದಾರು ಸಲ ನಡೆಸಿ ನೋಡಿ. ನೀರು ನಿಜವಾಗಿ ಎಳೆಯುತ್ತಿದ್ದರೆ ಪ್ರತಿ ಸಲವೂ ಅದೇ ಜಾಗ ಸಿಗಬೇಕು.

ಇದು ಬರೀ ಹಳ್ಳಿಯ ನಂಬಿಕೆ ಎಂದು ನಗುವವರಿಗೆ ಇನ್ನೊಂದು ಸಂಗತಿ. ಎಡಿಇ 651 ಎಂಬ ಬಾಂಬ್ ಪತ್ತೆ ಯಂತ್ರವನ್ನು ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಇರಾಕ್ ಮತ್ತು ಇತರ ದೇಶಗಳಿಗೆ ಕೋಟಿಗಟ್ಟಲೆ ಬೆಲೆಗೆ ಮಾರಿದ. ಅದರೊಳಗೆ ಕೆಲಸ ಮಾಡುವ ಯಾವ ಭಾಗವೂ ಇರಲಿಲ್ಲ. ಪ್ಲಾಸ್ಟಿಕ್ ಹಿಡಿ, ಅದಕ್ಕೊಂದು ಅತ್ತಿತ್ತ ಆಡುವ ಆಂಟೆನಾ. ಹಿಡಿದವನ ಕೈ ವಾಲಿದ ಕಡೆಗೆ ಆಂಟೆನಾ ವಾಲುತ್ತಿತ್ತು. ಬಾಗ್ದಾದಿನ ಚೆಕ್‌ಪೋಸ್ಟ್‌ಗಳಲ್ಲಿ ಇದನ್ನೇ ಹಿಡಿದು ವಾಹನಗಳನ್ನು ಬಿಟ್ಟರು, ನಗರದೊಳಗೆ ಬಾಂಬ್‌ಗಳು ಸಿಡಿದವು. 2013ರಲ್ಲಿ ಆತನಿಗೆ 10 ವರ್ಷ ಜೈಲು ಶಿಕ್ಷೆ ಆಯಿತು. ಕೊಂಡವರು ದೊಡ್ಡ ಅಧಿಕಾರಿಗಳು. ಮುಚ್ಚಿದ ನಾಲ್ಕು ಡಬ್ಬಿಗಳಲ್ಲಿ ಒಂದರಲ್ಲಿ ಸ್ಫೋಟಕ ಇಟ್ಟು ಹುಡುಕಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ಸತ್ಯ ಗೊತ್ತಾಗುತ್ತಿತ್ತು.

ಕೊನೆಯ ವರ್ಷಗಳು

ಫ್ಯಾರಡೆಗೆ ನಡುವಯಸ್ಸಿನಿಂದಲೇ ನೆನಪಿನ ತೊಂದರೆ ಶುರುವಾಗಿತ್ತು. ಕೊನೆಕೊನೆಗೆ ಅದು ಹೆಚ್ಚಾಯಿತು. ನೆನಪು ಕೈಕೊಡುತ್ತದೆ ಎಂದು ಗೊತ್ತಿದ್ದವರಂತೆ ಅವರು ಪ್ರತಿ ಪ್ರಯೋಗವನ್ನೂ ಅಂಕಿ ಹಾಕಿ ಡೈರಿಯಲ್ಲಿ ಬರೆದಿಟ್ಟಿದ್ದರು, ವಿಫಲವಾದದ್ದನ್ನೂ ಬಿಡಲಿಲ್ಲ. ಸರ್ ಪದವಿ ಬೇಡವೆಂದರು, ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಬೇಡವೆಂದರು. 1867ರ ಆಗಸ್ಟ್ 25ರಂದು, 75ನೇ ವಯಸ್ಸಿನಲ್ಲಿ, ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ತೀರಿಕೊಂಡರು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ? ನಮ್ಮಲ್ಲಿ ಬುದ್ಧಿ ಕಡಿಮೆ ಇಲ್ಲ. ಶಾಲೆಯಲ್ಲಿ ನಮಗೆ ವಿಜ್ಞಾನದ ಉತ್ತರಗಳು ಸಿಕ್ಕವು, ಮಾಡಿ ನೋಡುವ ಅಭ್ಯಾಸ ಅಷ್ಟಾಗಿ ಸಿಗಲಿಲ್ಲ. ಉತ್ತರಗಳು ಪರೀಕ್ಷೆ ಮುಗಿದ ಮೇಲೆ ಮರೆತವು. ಅಭ್ಯಾಸವಿದ್ದಿದ್ದರೆ ಮರೆತದ್ದನ್ನು ಮತ್ತೆ ಹುಡುಕಿಕೊಳ್ಳಬಹುದಿತ್ತು. ಅದನ್ನು ಈಗಲೂ ಶುರು ಮಾಡಬಹುದು. ಮುಂದಿನ ಫಾರ್ವರ್ಡ್ ಕಳಿಸುವ ಮುನ್ನ ಹೀಗೆ ಕೇಳಿಕೊಳ್ಳಿ:

• ಇದು ಸುಳ್ಳಾಗಿದ್ದರೆ ನನಗೆ ಹೇಗೆ ಗೊತ್ತಾಗುತ್ತದೆ?
• ಇದು ನಿಜವಾಗಲಿ ಎಂದು ನನಗೆ ಆಸೆ ಇದೆಯೇ? ಇದ್ದರೆ ಎರಡು ಪಟ್ಟು ಎಚ್ಚರ ಬೇಕು.
• ಫಲ ಕೊಟ್ಟ ಉದಾಹರಣೆ ಮಾತ್ರ ಹೇಳಿದ್ದಾರೆಯೇ? ಕೊಡದೇ ಹೋದವು ಎಷ್ಟು?
• ಗೊತ್ತಿಲ್ಲದಿದ್ದರೆ, ಗೊತ್ತಿಲ್ಲ ಎಂದು ಸುಮ್ಮನಿರಬಹುದಲ್ಲವೇ?

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಕೆಲಸ. ಕರೆಂಟ್ ಹೋದ ರಾತ್ರಿ ಮೇಣದಬತ್ತಿ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಆರಿಸಿ. ಬತ್ತಿಯಿಂದ ಏಳುವ ಬಿಳಿ ಹೊಗೆಗೆ, ಬತ್ತಿಯಿಂದ ಒಂದೆರಡು ಅಂಗುಲ ಮೇಲೆ, ಉರಿಯುವ ಬೆಂಕಿಕಡ್ಡಿ ಹಿಡಿಯಿರಿ. ಬೆಂಕಿ ಹೊಗೆಯ ಮೂಲಕ ಇಳಿದು ಬತ್ತಿಗೆ ಹತ್ತಿಕೊಳ್ಳುತ್ತದೆ. ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಈ ಲೇಖನದಲ್ಲೇ ಇದೆ, ಆದರೆ ತಕ್ಷಣ ಹೇಳಬೇಡಿ. ಅವರೇ ಇನ್ನೊಮ್ಮೆ ಮಾಡಿ ನೋಡಲಿ, ಬೆಂಕಿಕಡ್ಡಿ ಮಾತ್ರ ನಿಮ್ಮ ಕೈಯಲ್ಲಿರಲಿ.